ಹಂಚಿ ತಿನ್ನುವ ಪೆಟ್ಟಿಗೆಯೊಳಗಿನ ಕೋಳಿ

(ಕೃಷಿಕರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಅಮೆರಿಕದ ಫಾಸ್ಟ್‌ಫುಡ್ ಅಂಗಡಿಗಳಲ್ಲಿ ಕಳೆದ ಕೆಲವು ವರ್ಷಗಳಿಂದ ಬಹಳ ಪ್ರಚಾರ ಪಡೆದಿರುವ ತಿನಿಸೊಂದಿದೆ. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಾದ ಮೆತ್ತನೆಯ ಬನ್ನು. ಅದರ ನಡುವೆ ಹಿಟ್ಟು ಹಚ್ಚಿ ಕರಿದು ಕೆಂಪು ಮೆಣಸಿನ ಎಣ್ಣೆ ಸವರಿದ ಕೋಳಿಯ ತುಂಡು. ಅದರ ಮೇಲೆ ಹುಳಿಗೆ ಹಾಕಿದ ಸೌತೆಯ ಎರಡು ಮೂರು ಬಿಲ್ಲೆಗಳು. ಇದಕ್ಕೆ ಸ್ಲೈಡರ್ ಎಂದು ಹೆಸರು. ಬಿಡಿಯಾಗಿಯೂ ದೊರೆಯುವ ಈ ತಿನಿಸನ್ನು ಹಲವು ತುಂಡುಗಳ ಪೆಟ್ಟಿಗೆಯಾಗಿಸಿ, ಗೆಳೆಯರು ಹಂಚಿಕೊಂಡು ತಿನ್ನಲೆಂದು ಮಾರುವುದು ಅಂಗಡಿಯವರಿಗೆ ಹೆಚ್ಚು ಪ್ರಿಯ.

ಪಶ್ಚಿಮ ಘಟ್ಟದ ಮಡಿಲಲ್ಲಿ ಕುಳಿತವರಿಗೆ ಇದರ ಗೊಡವೆ ಏಕೆ ಎಂಬ ಪ್ರಶ್ನೆ ಸಹಜ. ಮೂರು ತುತ್ತಿಗೆ ಮುಗಿಯುವ ಈ ತಿನಿಸಿನ ಒಂದೊಂದು ಪದರವೂ ಯಾವುದೋ ಹೊಲದಿಂದ, ಯಾವುದೋ ಕಾಡಂಚಿನಿಂದ ಬಂದುದಾಗಿದೆ. ಅವುಗಳಲ್ಲಿ ಒಂದು ಪದರವು ಕರ್ನಾಟಕದ ರೈತನೇ ಬೆಳೆದುದಾಗಿರುವ ಸಾಧ್ಯತೆಯೂ ಉಂಟು. ಅದು ಯಾವುದೆಂಬುದು ಮುಂದೆ ತಿಳಿಯುತ್ತದೆ.

ಸ್ಲೈಡರಿನ ಮೂಲದಲ್ಲಿ ಕೋಳಿಯೇ ಇರಲಿಲ್ಲ. 1921ರಲ್ಲಿ ಕಾನ್ಸಸ್ ರಾಜ್ಯದ ವಿಚಿಟಾ ನಗರದಲ್ಲಿ ಆರಂಭವಾದ ವೈಟ್ ಕ್ಯಾಸಲ್ ಎಂಬ ಅಂಗಡಿಯು ಐದು ಸೆಂಟಿಗೆ ಒಂದರಂತೆ ದನದ ಮಾಂಸದ ಪುಟ್ಟ ಹ್ಯಾಂಬರ್ಗರುಗಳನ್ನು ಮಾರುತ್ತಿತ್ತು. ಒಂದರಿಂದ ಹೊಟ್ಟೆ ತುಂಬದು. ಆದ್ದರಿಂದ ಚೀಲಗಟ್ಟಲೆ ಕೊಳ್ಳಿರೆಂದು ಆ ಸಂಸ್ಥೆಯೇ ಪ್ರಚಾರ ಮಾಡಿತು. ತುಂಡನ್ನು ಕಿರಿದಾಗಿಸಿ ಎಣಿಕೆಯನ್ನು ಹಿರಿದಾಗಿಸುವ ಈ ವ್ಯಾಪಾರದ ಜಾಣತನಕ್ಕೆ ಈಗ ನೂರು ವರ್ಷ ದಾಟಿದೆ.

ಖಾರದ ಕೋಳಿಯ ಕಥೆ ಬೇರೆಯದೇ. ಅದು ಟೆನೆಸ್ಸಿ ರಾಜ್ಯದ ನ್ಯಾಶ್‌ವಿಲ್ ನಗರದ ಕಪ್ಪುಜನರ ಕೇರಿಯದು. ಗುಲಾಮಗಿರಿಯ ಕಾಲದಲ್ಲಿ ದಕ್ಷಿಣದ ಅನೇಕ ತೋಟಗಳಲ್ಲಿ ದನ, ಹಂದಿ ಸಾಕುವ ಅವಕಾಶವಿಲ್ಲದ ಗುಲಾಮರಿಗೂ ನಾಲ್ಕು ಕೋಳಿ ಸಾಕಲು ಅಡ್ಡಿಯಿರಲಿಲ್ಲ. ಗುಲಾಮಗಿರಿ ಅಳಿದ ಮೇಲೆ ವರ್ಜೀನಿಯಾದ ಗಾರ್ಡನ್ಸ್‌ವಿಲ್ ರೈಲು ನಿಲ್ದಾಣದಲ್ಲಿ ಕಪ್ಪು ಮಹಿಳೆಯರು ಕರಿದ ಕೋಳಿಯ ತಟ್ಟೆಗಳನ್ನು ತಲೆಯ ಮೇಲೆ ಹೊತ್ತು, ಗಾಡಿಯ ಕಿಟಕಿಗೆ ಚಾಚಿ ಮಾರಿ ಸಂಸಾರ ಸಾಗಿಸಿದರು. ನ್ಯಾಶ್‌ವಿಲ್‌ನಲ್ಲಿ 1930ರ ದಶಕದ ಹೊತ್ತಿಗೆ ಥಾರ್ನ್‌ಟನ್ ಪ್ರಿನ್ಸ್ ಎಂಬವರ ಅಂಗಡಿ ತಲೆಯೆತ್ತಿತು. ರಾತ್ರಿ ತಡವಾಗಿ ಮನೆಗೆ ಬಂದ ಆತನ ಮೇಲೆ ಮುನಿದ ಗೆಳತಿಯು ಬೆಳಗಿನ ಕೋಳಿಗೆ ಕೈತುಂಬ ಮೆಣಸಿನ ಪುಡಿ ಸುರಿದಳು, ಆತನಿಗೆ ಅದೇ ರುಚಿಸಿತು ಎಂಬ ಐತಿಹ್ಯವನ್ನು ಆ ಮನೆತನದವರೇ ಹೇಳಿಕೊಂಡು ಬಂದಿದ್ದಾರೆ. ಕಥೆ ಎಷ್ಟು ನಿಜವೋ, ಆ ಹೆಂಗಸಿನ ಹೆಸರು ಮಾತ್ರ ಇತಿಹಾಸದಲ್ಲಿ ಉಳಿದಿಲ್ಲ. ಅಡುಗೆಯ ಇತಿಹಾಸದಲ್ಲಿ ಇದು ಹೊಸತೇನಲ್ಲ.

ಈ ಕೋಳಿಯನ್ನು ಬಿಳಿಯ ಬ್ರೆಡ್ಡಿನ ಮೇಲಿಟ್ಟು, ಸೌತೆಯ ಬಿಲ್ಲೆಗಳೊಂದಿಗೆ ಕೊಡುವುದು ಪದ್ಧತಿ. ಹಲವು ದಶಕಗಳ ಕಾಲ ಅದು ಕೇರಿಯ ತಿನಿಸಾಗಿಯೇ ಉಳಿಯಿತು. 1980ರಲ್ಲಿ ಅಂಗಡಿಯ ಹೊಣೆ ಹೊತ್ತ ಆಂಡ್ರೆ ಪ್ರಿನ್ಸ್ ಜೆಫ್ರೀಸ್ ಎಂಬ ಮಹಿಳೆ ಅದನ್ನು ಜತನದಿಂದ ನಡೆಸಿದರು. 2013ರಲ್ಲಿ ಆ ಅಂಗಡಿಗೆ ಜೇಮ್ಸ್ ಬಿಯರ್ಡ್ ಪ್ರತಿಷ್ಠಾನದ ಗೌರವ ಸಂದಿತು. 2016ರಲ್ಲಿ ಕೆಎಫ್‌ಸಿ ನ್ಯಾಶ್‌ವಿಲ್ ಹೆಸರಿನಲ್ಲೇ ಖಾರದ ಕೋಳಿಯನ್ನು ಅಮೆರಿಕದಾದ್ಯಂತ ಮಾರಲಾರಂಭಿಸಿತು. 2017ರಲ್ಲಿ ಲಾಸ್ ಏಂಜಲೀಸ್‌ನ ವಾಹನ ನಿಲುಗಡೆಯ ಜಾಗವೊಂದರಲ್ಲಿ ಕೆಲವು ಯುವಕರು ಒಂಬೈನೂರು ಡಾಲರ್ ಬಂಡವಾಳದೊಂದಿಗೆ ಡೇವ್ಸ್ ಹಾಟ್ ಚಿಕನ್ ಎಂಬ ಗೂಡಂಗಡಿ ಹಾಕಿದರು. ಸ್ಲೈಡರ್ ಅವರ ಮುಖ್ಯ ಸರಕು. 2025ರಲ್ಲಿ ಹೂಡಿಕೆ ಸಂಸ್ಥೆಯೊಂದು ಅದರ ಬಹುಪಾಲನ್ನು ಕೊಂಡಾಗ ಇಡೀ ವ್ಯವಹಾರಕ್ಕೆ ಸುಮಾರು ನೂರು ಕೋಟಿ ಡಾಲರ್ ಬೆಲೆ ಕಟ್ಟಲಾಯಿತು. ಕೇರಿಯ ರುಚಿ ಕಂಪನಿಯ ಆಸ್ತಿಯಾಗಲು ಎಂಟು ವರ್ಷ ಸಾಕಾಯಿತು.

ಇನ್ನು ಖಾರದ ವಿಚಾರ. ಅಲ್ಲಿ ಖಾರಕ್ಕೆ ದರ್ಜೆಗಳಿವೆ. ತುತ್ತತುದಿಯ ದರ್ಜೆಯನ್ನು ಕೇಳುವ ಗಿರಾಕಿಯಿಂದ ಹೊಣೆ ಬಿಡುಗಡೆಯ ಕಾಗದಕ್ಕೆ ಸಹಿ ಪಡೆಯುವ ರೂಢಿಯೂ ಉಂಟು. ಊಟಕ್ಕೆ ಮೊದಲು ಮುಚ್ಚಳಿಕೆ ಬರೆದುಕೊಡುವ ಸಂಪ್ರದಾಯ ಮಲೆನಾಡಿನ ಯಾವ ಮನೆಯಲ್ಲಿಯೂ ಕಂಡುಬಂದಿಲ್ಲ! ಸಾಮಾನ್ಯ ಕಯೆನ್ ಮೆಣಸಿನ ಖಾರ 30,000ದಿಂದ 50,000 ಸ್ಕೋವಿಲ್ ಮಾನದಷ್ಟಿದ್ದರೆ, ದಕ್ಷಿಣ ಕೆರೊಲಿನಾದಲ್ಲಿ ಬೆಳೆಸಿದ ರೀಪರ್ ಎಂಬ ತಳಿಯದು 15 ಲಕ್ಷವನ್ನೂ ಮೀರುತ್ತದೆ. ಈ ಅಳತೆಯ ಕ್ರಮವನ್ನು 1912ರಲ್ಲಿ ವಿಲ್ಬರ್ ಸ್ಕೋವಿಲ್ ರೂಪಿಸಿದರು.

ಮೆಣಸಿನ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ನಿಜಕ್ಕೂ ರುಚಿಯಲ್ಲ, ನೋವು. ಬಿಸಿ ತಗುಲಿದಾಗ ಎಚ್ಚರಿಸುವ ನರತುದಿಯ ಗ್ರಾಹಕವನ್ನೇ ಅದು ತಟ್ಟುತ್ತದೆ. ಆ ಗ್ರಾಹಕವನ್ನು 1997ರಲ್ಲಿ ಗುರುತಿಸಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು. ಅದೇ ಪ್ರಯೋಗಶಾಲೆಯು 2002ರಲ್ಲಿ ಕೋಳಿಯ ಗ್ರಾಹಕವನ್ನು ಪರೀಕ್ಷಿಸಿದಾಗ ಅದು ಕ್ಯಾಪ್ಸೈಸಿನ್ನಿಗೆ ಸ್ಪಂದಿಸುವುದೇ ಇಲ್ಲವೆಂದು ಕಂಡುಬಂತು. ಅಂದರೆ ಕೋಳಿಗೆ ಮೆಣಸು ಖಾರವಲ್ಲ. ಇದರ ಹಿಂದೆ ಗಿಡದ ಹಿತವಿದೆ. ಇಲಿಯಂತಹ ಪ್ರಾಣಿಗಳು ಮೆಣಸಿನ ಬೀಜವನ್ನು ಅಗಿದು ಕೆಡಿಸುತ್ತವೆ. ಹಕ್ಕಿಗಳು ಇಡಿಯಾಗಿ ನುಂಗಿ ದೂರದಲ್ಲಿ ಹಿಕ್ಕೆಯೊಡನೆ ಬೀಳಿಸುತ್ತವೆ. ಅಮೆರಿಕದ ಅರಿಜೋನಾದ ಕಾಡುಮೆಣಸಿನ ಗಿಡಗಳ ಮೇಲೆ ಜೋಶುವಾ ಟ್ಯೂಕ್ಸ್‌ಬರಿ ಮತ್ತು ಗ್ಯಾರಿ ನಭಾನ್ ನಡೆಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನವು ಇದನ್ನು ತೋರಿಸಿಕೊಟ್ಟಿತು. ಮಲೆನಾಡಿನ ಹಿತ್ತಿಲುಗಳಲ್ಲಿ ಯಾರೂ ನೆಡದೆ ಬೇಲಿಯ ಬುಡದಲ್ಲಿ ಏಳುವ ಸೂಜಿಮೆಣಸಿನ ಗಿಡಗಳನ್ನು ನೋಡಿದವರಿಗೆ ಪಿಕಳಾರದ ಈ ಕೃಷಿಯ ಪರಿಚಯವಿದ್ದೇ ಇರುತ್ತದೆ. ಹಕ್ಕಿಗೆಂದು ಖಾರವನ್ನು ಕಟ್ಟಿಕೊಂಡ ಗಿಡದ ಹಣ್ಣನ್ನು ಅರೆದು, ಹಕ್ಕಿಯ ಮಾಂಸಕ್ಕೆ ಹಚ್ಚಿ, ಖಾರ ತಾಳಲಾರದ ಪ್ರಾಣಿ ತಿನ್ನುತ್ತಿರುವುದು ವಿಚಿತ್ರವಾದರೂ ಸತ್ಯ. ಕ್ಯಾಪ್ಸೈಸಿನ್ ನೀರಿನಲ್ಲಿ ಕರಗದು, ಕೊಬ್ಬಿನಲ್ಲಿ ಕರಗುತ್ತದೆ. ಆದ್ದರಿಂದಲೇ ನ್ಯಾಶ್‌ವಿಲ್‌ನವರು ಮೆಣಸಿನ ಪುಡಿಯನ್ನು ಕಾದ ಕೊಬ್ಬಿನಲ್ಲಿ ಕಲಸಿ ಬಳಿಯುತ್ತಾರೆ. ಉರಿಗೆ ನೀರು ಕುಡಿದರೆ ಉಪಶಮನವಾಗದೆ, ಹಾಲು ಮಜ್ಜಿಗೆಯಿಂದ ಆಗುತ್ತದೆ.

ಈಗ ಕೋಳಿಗೆ ಬರೋಣ. ಮಾತಿನ ತಿರುಳು ಇರುವುದು ಇಲ್ಲಿಯೇ.

1923ರಲ್ಲಿ ಡೆಲಾವೇರ್ ರಾಜ್ಯದ ಸಿಸಿಲ್ ಸ್ಟೀಲ್ ಎಂಬ ಗೃಹಿಣಿ ಮೊಟ್ಟೆಗಾಗಿ 50 ಮರಿಗಳನ್ನು ತರಿಸಿದಾಗ ತಪ್ಪಿ 500 ಬಂದವು. ಆಕೆ ಹಿಂದಿರುಗಿಸದೆ ಸಾಕಿ, ಮಾಂಸಕ್ಕಾಗಿ ಮಾರಿದರು. ಮಾಂಸಕ್ಕೆಂದೇ ಕೋಳಿ ಸಾಕುವ ಉದ್ಯಮವು ಅಲ್ಲಿ ಬೇರೂರಿದ್ದು ಹೀಗೆ. 1940ರ ದಶಕದ ಕೊನೆಯಲ್ಲಿ ಅಲ್ಲಿನ ಕೃಷಿ ಇಲಾಖೆ ಹಾಗೂ ಕಿರಾಣಿ ಮಳಿಗೆಗಳ ಸರಪಳಿಯೊಂದು ಸೇರಿ 'ನಾಳಿನ ಕೋಳಿ' ಎಂಬ ಸ್ಪರ್ಧೆ ನಡೆಸಿದವು. ಅಗಲ ಎದೆಯ, ಬೇಗ ತೂಕ ಬರುವ ಹಕ್ಕಿಗೆ ಬಹುಮಾನ. ಕಾರ್ನಿಶ್ ಮುಂತಾದ ತಳಿಗಳ ಸಂಕರದಿಂದ ಅಂದು ಹೊಮ್ಮಿದ ವಂಶವೇ ಇಂದಿನ ಬ್ರಾಯ್ಲರಿನ ಪೂರ್ವಜ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದಲ್ಲಿ 1957, 1978 ಮತ್ತು 2005ರ ತಳಿಗಳನ್ನು ಒಂದೇ ಆಹಾರ ಕೊಟ್ಟು ಸಾಕಿ ನೋಡಲಾಯಿತು. 56 ದಿನಗಳಲ್ಲಿ ಅವು ಕ್ರಮವಾಗಿ 905 ಗ್ರಾಂ, 1,808 ಗ್ರಾಂ ಮತ್ತು 4,202 ಗ್ರಾಂ ತೂಗಿದವು. ಆಹಾರ ಒಂದೇ, ಬದಲಾದದ್ದು ವಂಶ. ಬ್ರಾಯ್ಲರಿಗೆ ಹಾರ್ಮೋನು ಚುಚ್ಚಿ ಬೆಳೆಸುತ್ತಾರೆಂಬ ಮಾತು ಹಳ್ಳಿಗಳಲ್ಲಿ ಪ್ರಚಲಿತವಿದೆ. ಅದಕ್ಕೆ ಆಧಾರವಿಲ್ಲ, ಅದರ ಅಗತ್ಯವೂ ಇಲ್ಲ. ಆಕ್ಷೇಪಿಸಬೇಕಾದ ಸಂಗತಿಗಳು ಬೇರೆ ಇವೆ. ಇಷ್ಟು ವೇಗದ ಬೆಳವಣಿಗೆಯಲ್ಲಿ ಕಾಲುಗಳು ಮೈಭಾರ ತಾಳುವುದಿಲ್ಲ. ಎದೆಯ ಮಾಂಸವು ಮರದಂತೆ ಗಡುಸಾಗುವ ದೋಷವೊಂದು ಉದ್ಯಮವನ್ನೇ ಕಾಡುತ್ತಿದೆ. ಜಗತ್ತಿನ ಬ್ರಾಯ್ಲರುಗಳ ಮೂಲ ಪೀಳಿಗೆ ಬಹುಮಟ್ಟಿಗೆ ಏವಿಯಾಜೆನ್ ಮತ್ತು ಕಾಬ್-ವಾನ್‌ಟ್ರೆಸ್ ಎಂಬ ಎರಡೇ ಕಂಪನಿಗಳ ಹಿಡಿತದಲ್ಲಿದೆ. ಸಂಕರ ಬಿತ್ತನೆ ಬೀಜದಂತೆಯೇ, ಈ ಕೋಳಿಯ ಮೊಟ್ಟೆಯಿಂದ ಅಂಥದೇ ಕೋಳಿಯನ್ನು ರೈತ ಪಡೆಯಲಾರ. ಪ್ರತಿ ಸಲವೂ ಮರಿಗಾಗಿ ಕಂಪನಿಯ ಬಾಗಿಲಿಗೇ ಹೋಗಬೇಕು.

ಸ್ಲೈಡರಿಗೆ ಹೆಚ್ಚಾಗಿ ಬಳಸುವುದು ಎದೆಯ ಒಳಭಾಗದ ಮೃದುವಾದ ಪಟ್ಟಿ. ಒಂದು ಹಕ್ಕಿಗೆ ಅಂತಹವು ಇರುವುದು ಎರಡೇ. ನಾಲ್ಕು ಸ್ಲೈಡರಿನ ಪೆಟ್ಟಿಗೆಗೆ ಎರಡು ಕೋಳಿ. ಇಡೀ ಕೋಳಿಯಲ್ಲ, ಅದರ ಒಂದು ಸಣ್ಣ ಭಾಗ. ಹಾಗಾದರೆ ಕಾಲುಗಳು ಎಲ್ಲಿಗೆ ಹೋಗುತ್ತವೆ? ಅಮೆರಿಕದವರಿಗೆ ಬಿಳಿ ಮಾಂಸ ಮೆಚ್ಚು; ಆದ್ದರಿಂದ ಕಾಲುಗಳನ್ನು ಶೀತಲೀಕರಿಸಿ ಅಗ್ಗದ ಬೆಲೆಗೆ ಹೊರದೇಶಗಳಿಗೆ ಸಾಗಿಸಲಾಗುತ್ತದೆ. ಭಾರತವು 2007ರಲ್ಲಿ ಹಕ್ಕಿಜ್ವರದ ಕಾರಣ ನೀಡಿ ಅಂತಹ ಆಮದನ್ನು ತಡೆಯಿತು. ಅಮೆರಿಕ 2012ರಲ್ಲಿ ವಿಶ್ವ ವಾಣಿಜ್ಯ ಸಂಸ್ಥೆಯ ಮೊರೆಹೊಕ್ಕಿತು; 2015ರಲ್ಲಿ ಮೇಲ್ಮನವಿಯ ತೀರ್ಪೂ ಭಾರತಕ್ಕೆ ವಿರುದ್ಧವಾಗಿ ಬಂದಿತು. ಅಂದಿನಿಂದ ದೇಶದ ಕೋಳಿ ಸಾಕಣೆದಾರರಿಗೆ ಮುಖ್ಯ ಆಸರೆಯಾಗಿ ನಿಂತಿರುವುದು ಆಮದು ಸುಂಕ. ದೂರದ ಊರಿನ ಹುಡುಗರು ಎದೆಯ ತುಂಡನ್ನು ಹಂಚಿಕೊಂಡು ತಿಂದರೆ, ಉಳಿದ ಕಾಲಿನ ಬೆಲೆಯ ಭಯ ಇಲ್ಲಿನ ಶೆಡ್ಡಿನವರೆಗೂ ತಲುಪುತ್ತದೆ.

ಕೋಳಿ ತಿನ್ನುವುದು ಮೆಕ್ಕೆಜೋಳ ಮತ್ತು ಸೋಯಾ. 2006ರಲ್ಲಿ ಗ್ರೀನ್‌ಪೀಸ್ ಸಂಘಟನೆಯು ಅಮೆಜಾನ್ ಕಾಡು ಕಡಿದು ಬೆಳೆದ ಸೋಯಾ ಯುರೋಪಿನ ಮೆಕ್‌ಡೊನಾಲ್ಡ್ಸ್ ಅಂಗಡಿಗಳ ಕೋಳಿಯ ಆಹಾರವಾಗುತ್ತಿರುವುದನ್ನು ಬಯಲಿಗೆಳೆಯಿತು. ಗಿರಾಕಿಗಳ ಸಿಟ್ಟಿಗೆ ಅಂಜಿದ ಕಂಪನಿ, ಧಾನ್ಯ ವ್ಯಾಪಾರಿಗಳ ಮೇಲೆ ಒತ್ತಡ ತಂದಿತು. ಅದೇ ವರ್ಷ ವ್ಯಾಪಾರಿಗಳು ಹೊಸದಾಗಿ ಕಡಿದ ಅಮೆಜಾನ್ ನೆಲದ ಸೋಯಾ ಕೊಳ್ಳುವುದಿಲ್ಲವೆಂಬ ಒಪ್ಪಂದಕ್ಕೆ ಬಂದರು. ತಿನಿಸಿನ ಅಂಗಡಿಯ ಬಾಗಿಲಲ್ಲಿ ಎದ್ದ ಪ್ರಶ್ನೆ ಕಾಡಿನವರೆಗೆ ಹೋಗಿ ಫಲಿಸಿದ ಅಪರೂಪದ ಉದಾಹರಣೆ ಇದು. ಆದರೆ 2025ರಲ್ಲಿ ಬ್ರೆಜಿಲ್‌ನ ಸ್ಪರ್ಧಾ ಪ್ರಾಧಿಕಾರವು ವ್ಯಾಪಾರ ಸ್ವಾತಂತ್ರ್ಯದ ಹೆಸರಿನಲ್ಲಿ ಆ ಒಪ್ಪಂದವನ್ನೇ ವಿಚಾರಣೆಗೆ ಎಳೆಯಿತು.

ಮೆಕ್ಕೆಜೋಳದ ಕಥೆಯನ್ನು ಅಮೆಜಾನಿಗೆ ಹೋಗಿ ಕೇಳಬೇಕಾಗಿಲ್ಲ. ದಾವಣಗೆರೆ, ಹಾವೇರಿ ಜಿಲ್ಲೆಗಳ ರಾಗಿ, ಜೋಳ, ಕಾಳುಗಳ ಹೊಲಗಳನ್ನೂ ಶಿಕಾರಿಪುರದಂತಹ ಅರೆಮಲೆನಾಡಿನ ಸೀಮೆಯನ್ನೂ ಅದು ಆವರಿಸಿದೆ. ಮನುಷ್ಯನ ತಟ್ಟೆಗಿಂತ ಕೋಳಿಯ ತೊಟ್ಟಿಗೇ ಹೋಗುವ ಬೆಳೆ ಅದು. ಅಮೆರಿಕ ಖಂಡದ ಕೀಟವಾದ ಫಾಲ್ ಸೈನಿಕ ಹುಳುವನ್ನು ಭಾರತದಲ್ಲಿ ಮೊದಲಿಗೆ ಗುರುತಿಸಿದ್ದು 2018ರ ಮೇ ತಿಂಗಳಿನಲ್ಲಿ, ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿ. ಮೈಲುಗಟ್ಟಲೆ ಒಂದೇ ಬೆಳೆ ಹರಡಿದ್ದರಿಂದ ಹುಳುವಿಗೆ ಹುಡುಕಾಟದ ಶ್ರಮವಿರಲಿಲ್ಲ.

ಅಮೆರಿಕದಲ್ಲಿ ಕೋಳಿ ಸಾಕುವ ರೈತನಿಗೆ ಕೋಳಿ ಸೇರಿದ್ದಲ್ಲ. ಮರಿ, ಆಹಾರ, ಔಷಧ ಎಲ್ಲವೂ ಕಂಪನಿಯದು. ಶೆಡ್ಡು, ಅದರ ಸಾಲ, ದುಡಿಮೆ, ಹಿಕ್ಕೆ, ಸತ್ತ ಹಕ್ಕಿ ಇವು ರೈತನವು. ಒಂದೇ ವಾರದಲ್ಲಿ ಕೋಳಿ ಒಪ್ಪಿಸಿದ ರೈತರನ್ನು ಪರಸ್ಪರ ತೂಗಿ, ಮುಂದಿದ್ದವನಿಗೆ ಹೆಚ್ಚು, ಹಿಂದುಳಿದವನಿಗೆ ಕಡಿಮೆ ಸಂದಾಯ ಮಾಡುವ ಪಂದ್ಯದ ಪದ್ಧತಿ ಅಲ್ಲಿದೆ. ಬಡಕಲು ಮರಿ ಕೊಟ್ಟವರು ಯಾರು ಎಂದು ಕೇಳುವಂತಿಲ್ಲ. ಮರಿ, ಆಹಾರಗಳ ಗುಣಮಟ್ಟದ ವಿವರಗಳನ್ನು ರೈತನಿಗೆ ತಿಳಿಸಬೇಕೆಂಬ ನಿಯಮ ಅಲ್ಲಿ ಜಾರಿಗೆ ಬಂದದ್ದು 2024ರ ಫೆಬ್ರವರಿಯಲ್ಲಷ್ಟೇ.

ಕರ್ನಾಟಕದ ಕರಾರು ಸಾಕಣೆಯೂ ಇದೇ ಅಚ್ಚಿನದು. ಕಿಲೋ ತೂಕಕ್ಕೆ ಇಂತಿಷ್ಟು ಸಾಕಣೆ ಕೂಲಿ. ತಿಂದ ಆಹಾರಕ್ಕೆ ತಕ್ಕ ತೂಕ ಬರದಿದ್ದರೆ ಕಡಿತ. ನಿಶ್ಚಿತ ಆದಾಯವೆಂಬ ಆಕರ್ಷಣೆ ಸುಳ್ಳಲ್ಲ. ಅಡಿಕೆಯ ದರ ಏರಿಳಿಯುವಾಗ ಚಿಕ್ಕ ಹಿಡುವಳಿದಾರನಿಗೆ ಅದು ಆಸರೆಯೂ ಆದೀತು. ಆದರೆ ಸಹಿ ಹಾಕುವ ಮುನ್ನ ಕೇಳಲೇಬೇಕಾದ ಪ್ರಶ್ನೆಗಳಿವೆ. ವರ್ಷಕ್ಕೆ ಎಷ್ಟು ತಂಡ ಮರಿ ಕೊಡುವುದು ಕಡ್ಡಾಯ? ತಂಡದ ನಡುವೆ ಶೆಡ್ಡು ಖಾಲಿ ಬಿದ್ದರೆ ಸಾಲದ ಕಂತು ಯಾರದು? ತೂಕ ಮಾಡುವಾಗ ರೈತ ಎದುರಿಗಿರುತ್ತಾನೆಯೇ? ಹಕ್ಕಿಜ್ವರದಿಂದ ತಂಡವೇ ನಾಶವಾದರೆ ಪರಿಹಾರದ ಹಣ ಕೋಳಿಯ ಒಡೆಯನಿಗೋ, ಸಾಕಿದವನಿಗೋ? ಕರಾರಿನ ಪ್ರತಿ ಕನ್ನಡದಲ್ಲಿ ಸಿಗುತ್ತದೆಯೇ?

ಹಿಕ್ಕೆಯ ವಿಷಯ ಮಲೆನಾಡಿಗೆ ವಿಶೇಷವಾಗಿ ಸಂಬಂಧಿಸಿದ್ದು. ಅಮೆರಿಕದ ಚೆಸಪೀಕ್ ಕೊಲ್ಲಿಯ ತೀರದಲ್ಲಿ ಶೆಡ್ಡುಗಳು ಒತ್ತೊತ್ತಾಗಿ ಬಂದ ಮೇಲೆ ಕೋಳಿಗೊಬ್ಬರದ ರಂಜಕವು ಮಣ್ಣಿನಲ್ಲಿ ತುಂಬಿ, ಮಳೆಯೊಡನೆ ಹರಿದು, ಕೊಲ್ಲಿಯಲ್ಲಿ ಪಾಚಿ ಹಬ್ಬಿಸಿತು. 2015ರಲ್ಲಿ ಮೇರಿಲ್ಯಾಂಡ್ ರಾಜ್ಯವು ಹೊಲಕ್ಕೆ ಎಷ್ಟು ಗೊಬ್ಬರ ಹಾಕಬಹುದೆಂಬುದನ್ನು ಮಣ್ಣಿನ ರಂಜಕ ನೋಡಿ ನಿರ್ಧರಿಸುವ ನಿಯಮ ತಂದಿತು. ಅದು ಸಮತಟ್ಟು ನೆಲ. ಇಲ್ಲಿರುವುದು ಇಳಿಜಾರು, ಅದರ ಮೇಲೆ ಮುಂಗಾರಿನ ಅಬ್ಬರ. ಗುಡ್ಡದ ಮೇಲಿನ ಶೆಡ್ಡಿನ ಗೊಬ್ಬರವನ್ನು ಮೇ ತಿಂಗಳಿನಲ್ಲಿ ಅಡಿಕೆಯ ಬುಡಕ್ಕೆ ಸುರಿದರೆ ಜುಲೈ ಹೊತ್ತಿಗೆ ಅದರ ಸಾರ ಹಳ್ಳದಲ್ಲಿರುತ್ತದೆ. ಕೆಳಗಿನ ಮನೆಯವರು ಕುಡಿಯುವುದು ಅದೇ ಹಳ್ಳದ ನೀರನ್ನು. ಹಸಿ ಹಿಕ್ಕೆಯನ್ನು ಮಾಡಿನ ಕೆಳಗೆ ತರಗೆಲೆಯೊಡನೆ ಪದರ ಪದರವಾಗಿ ಕೊಳೆಸಿ, ಮಳೆಯ ಜೋರು ತಗ್ಗಿದ ಮೇಲೆ ಹಾಕುವುದು ಸೂಕ್ತ. ಇದಕ್ಕೆ ಖರ್ಚಿಲ್ಲ, ತಾಳ್ಮೆ ಬೇಕು.

ಕರಿದ ಕೋಳಿಯ ವಿರುದ್ಧ ಕರ್ನಾಟಕದಲ್ಲಿ ಹೋರಾಟ ನಡೆದದ್ದನ್ನು ಹಿರಿಯರು ಬಲ್ಲರು. ಕೆಎಫ್‌ಸಿಯ ಮೊದಲ ಭಾರತೀಯ ಮಳಿಗೆ 1995ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ತೆರೆಯಿತು. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ನೇತೃತ್ವದ ರೈತ ಸಂಘವು ಅದನ್ನು ವಿರೋಧಿಸಿತು. ನಗರಪಾಲಿಕೆಯು ಅಜಿನೊಮೊಟೊ ಪ್ರಮಾಣದ ನೆಪದಲ್ಲಿ ಪರವಾನಗಿ ರದ್ದುಪಡಿಸಿತು. ನ್ಯಾಯಾಲಯದ ಮೂಲಕ ಮಳಿಗೆ ಮರಳಿ ತೆರೆಯಿತು. 1996ರ ಜನವರಿ 30ರಂದು ಸಂಘದ ಕಾರ್ಯಕರ್ತರು ಒಳನುಗ್ಗಿ ಗಾಜು, ಪೀಠೋಪಕರಣಗಳನ್ನು ಒಡೆದರು. ಗಾಂಧೀಜಿ ಹುತಾತ್ಮರಾದ ದಿನದಂದು ಅದು ತಕ್ಕ ಮಾರ್ಗವೇ ಎಂಬ ಚರ್ಚೆ ಅಂದೂ ನಡೆಯಿತು. ಕಂಪನಿಯ ಮಳಿಗೆಗಳು ಈಗ ದೇಶದಲ್ಲಿ ಸಾವಿರವನ್ನು ಮೀರಿವೆ. ಬಿಳಿಯ ಪುಡಿಯಲ್ಲಿ ದೋಷ ಹುಡುಕಿದ್ದು ವೈಜ್ಞಾನಿಕವಾಗಿ ದುರ್ಬಲ ವಾದ. ಧಾನ್ಯವನ್ನು ಕೋಳಿಗೆ ಉಣಿಸುವ ಕೃಷಿ ಯಾರ ಹಿತಕ್ಕೆ ಎಂದು ರೈತ ಸಂಘ ಎತ್ತಿದ ಪ್ರಶ್ನೆ ಮಾತ್ರ ದುರ್ಬಲವಾಗಿರಲಿಲ್ಲ. ಅದೇ ಕಾಲದಲ್ಲಿ ಬೇರೊಂದು ಉತ್ತರವೂ ಸದ್ದಿಲ್ಲದೆ ಸಿದ್ಧವಾಗಿತ್ತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯವು 1989ರಲ್ಲಿ ಬಿಡುಗಡೆ ಮಾಡಿದ ಗಿರಿರಾಜ ಕೋಳಿ ಹಿತ್ತಿಲಲ್ಲಿ ಹುಳು, ಸೊಪ್ಪು, ಅಡುಗೆಮನೆಯ ಉಳಿಕೆ ತಿಂದು ಬೆಳೆಯುತ್ತದೆ. ಅದಕ್ಕೆ ಗಾಜಿನ ಮಳಿಗೆಯೂ ದೊರೆಯಲಿಲ್ಲ, ಪ್ರಚಾರವೂ ದೊರೆಯಲಿಲ್ಲ.

ಆರಂಭದಲ್ಲಿ ಹೇಳಿದ ಕರ್ನಾಟಕದ ಪದರವೆಂದರೆ ಆ ಸೌತೆಯ ಬಿಲ್ಲೆ. ಮಿಡಿಸೌತೆಯ ಕರಾರು ಕೃಷಿ 1990ರ ದಶಕದ ಆರಂಭದಲ್ಲಿ ಕರ್ನಾಟಕದಲ್ಲಿ ಸಣ್ಣದಾಗಿ ಶುರುವಾಗಿ ನೆರೆಯ ರಾಜ್ಯಗಳಿಗೂ ಹಬ್ಬಿತು. ಸುಮಾರು 90,000 ಸಣ್ಣ ರೈತರು 65,000 ಎಕರೆಯಲ್ಲಿ ಇದನ್ನು ಬೆಳೆಯುತ್ತಾರೆಂದು ಕೇಂದ್ರ ವಾಣಿಜ್ಯ ಸಚಿವಾಲಯ 2022ರಲ್ಲಿ ತಿಳಿಸಿತು, 2020–21ರಲ್ಲಿ 2.23 ಲಕ್ಷ ಟನ್ ಸೌತೆ ಮತ್ತು ಮಿಡಿಸೌತೆ ರಫ್ತಾಯಿತು. ಉಪ್ಪುನೀರು ಅಥವಾ ವಿನಿಗರ್ ತುಂಬಿದ ಪೀಪಾಯಿಗಳಲ್ಲಿ ಅಮೆರಿಕಕ್ಕೂ ಹೋಗುವ ಈ ಕಾಯಿಯನ್ನು ಬೆಳೆದ ಊರಿನಲ್ಲಿ ತಿನ್ನುವವರಿಲ್ಲ. ಕಾಯಿ ಕಿರಿದಾದಷ್ಟೂ ದರ ಹೆಚ್ಚು. ಒಂದು ದಿನ ಕೀಳದೆ ಬಿಟ್ಟರೆ ಕಾಯಿ ದಪ್ಪವಾಗಿ ಕೆಳದರ್ಜೆಗೆ ಇಳಿಯುತ್ತದೆ. ಇನ್ನೊಂದು ದಿನ ಬಿಟ್ಟರೆ ಕಂಪನಿ ಮುಟ್ಟದು, ದನಕ್ಕೆ ಹಾಕಬೇಕು. ಆದ್ದರಿಂದ ಮನೆಯಲ್ಲಿ ಮದುವೆಯಿರಲಿ, ಸಾವಿರಲಿ, ಬೆಳಿಗ್ಗೆ ಬಳ್ಳಿಯ ಮುಂದೆ ಬಗ್ಗಲೇಬೇಕು. ಹೆಚ್ಚಾಗಿ ಬಗ್ಗುವವರು ಹೆಣ್ಣುಮಕ್ಕಳು.

ಉಳಿದದ್ದು ಪೆಟ್ಟಿಗೆ. ಎಣ್ಣೆ ಹೀರದಂತೆ ಕಾಗದಕ್ಕೆ ಲೇಪಿಸುತ್ತಿದ್ದ ಫ್ಲೋರಿನ್‌ಯುಕ್ತ ರಾಸಾಯನಿಕಗಳು ಮಣ್ಣು, ನೀರಿನಲ್ಲಿ ಕೊಳೆಯದೆ ಉಳಿಯುವಂಥವು. ಅವುಗಳ ಮಾರಾಟ ತನ್ನ ದೇಶದಲ್ಲಿ ನಿಂತಿದೆಯೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2024ರ ಫೆಬ್ರವರಿಯಲ್ಲಿ ಪ್ರಕಟಿಸಿತು. ಇಂತಹ ಸಂದರ್ಭದಲ್ಲಿ ಮಲೆನಾಡಿನ ಅಡಿಕೆ ಹಾಳೆಯ ತಟ್ಟೆಗೆ ಬಾಗಿಲು ತೆರೆಯಿತೆಂದು ಅನೇಕರು ಹಿಗ್ಗಿದರು. ಆದರೆ ಅದೇ ಆಡಳಿತವು 2025ರ ಮೇ ತಿಂಗಳಿನಲ್ಲಿ, ಹಾಳೆಯಲ್ಲಿರುವ ಅರೆಕೋಲಿನ್ ಮುಂತಾದ ಕ್ಷಾರಗಳು ಆಹಾರಕ್ಕೆ ಇಳಿಯಬಹುದೆಂಬ ಕಾರಣ ನೀಡಿ ಹಾಳೆ ತಟ್ಟೆಯನ್ನೂ ಒಪ್ಪಲಾಗದೆಂದಿತು. ಇದನ್ನು ಕೇವಲ ವ್ಯಾಪಾರದ ಪಿತೂರಿ ಎಂದು ತಳ್ಳಿಹಾಕುವುದು ಸುಲಭ. ಬಿಸಿಯಾದ, ಎಣ್ಣೆಯುಳ್ಳ, ಹುಳಿಯಾದ ಪದಾರ್ಥವನ್ನು ಅರ್ಧ ಗಂಟೆ ಹಾಳೆಯ ಮೇಲಿಟ್ಟು, ಅದಕ್ಕೆ ಎಷ್ಟು ಕ್ಷಾರ ಇಳಿಯಿತೆಂದು ಅಳೆಯುವುದು ಕಷ್ಟದ ಪರೀಕ್ಷೆಯಲ್ಲ. ರಾಜ್ಯದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯಗಳ ಪ್ರಯೋಗಶಾಲೆಗಳಲ್ಲಿ ಅದಕ್ಕೆ ಬೇಕಾದ ಉಪಕರಣಗಳಿವೆ. ತಟ್ಟೆ ತಯಾರಿಸುವ ಸ್ವಸಹಾಯ ಸಂಘಗಳು ಬೇರೆ ಬೇರೆ ಊರಿನ, ಬೇರೆ ಬೇರೆ ತಿಂಗಳಿನ ಹಾಳೆಗಳನ್ನು, ನೀರಿನಲ್ಲಿ ನೆನೆಸಿದ ಅವಧಿ ಹಾಗೂ ಒತ್ತುಯಂತ್ರದ ಶಾಖವನ್ನು ಬರೆದಿಟ್ಟು ಕಳುಹಿಸಿಕೊಟ್ಟರೆ ಕೆಲಸ ಆರಂಭಿಸಬಹುದು.